ರೋಗಿಗೆ ಮೊದಲ ಗುಟುಕು ಕೊಡುವ ಮುನ್ನ

ನಮ್ಮ ಕಡೆಯ ದವಾಖಾನೆಗಳಲ್ಲಿ ರೋಗಿಯನ್ನು ನೋಡಲು ಬಂದವರು ಕೇಳುವ ಮೊದಲ ಮಾತು, "ಏನರ ಉಂಡಾರೇನ್ರಿ?" ಇಲ್ಲ ಎಂಬ ಉತ್ತರ ಬಂದರೆ ಬಂದವರ ಮುಖ ಬಾಡುತ್ತದೆ. ಕೈಯಲ್ಲಿ ಎಳನೀರು, ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಗಂಜಿ ಹಿಡಿದೇ ಬಂದಿರುತ್ತಾರೆ. ಲಕ್ವಾ ಹೊಡೆದು ಅರೆ ಎಚ್ಚರದಲ್ಲಿ ಮಲಗಿದ ತಂದೆಯ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, "ಯಪ್ಪಾ, ಒಂದ್ ಗುಟುಕು ಕುಡಿ" ಎಂದು ಮಗಳು ಚಮಚ ಬಾಯಿಗಿಡುವುದು ನರಗುಂದ, ರೋಣ, ಗಜೇಂದ್ರಗಡದ ಯಾವ ದವಾಖಾನೆಯಲ್ಲೂ ಕಾಣಬಹುದಾದ ನೋಟ. ಆ ಅಕ್ಕರೆಯಲ್ಲಿ ಏನೂ ಕೊರತೆಯಿಲ್ಲ. ಆದರೆ ಆ ಗುಟುಕು ಹೊಟ್ಟೆಗೆ ಇಳಿಯಿತೋ ಶ್ವಾಸಕೋಶಕ್ಕೆ ಇಳಿಯಿತೋ ಎಂದು ಯಾರೂ ನೋಡಿರುವುದಿಲ್ಲ. ಎರಡು ಮೂರು ದಿನಕ್ಕೆ ಜ್ವರ ಬರುತ್ತದೆ, ಉಸಿರು ಏರುತ್ತದೆ. "ಲಕ್ವಾದ ಮ್ಯಾಲೆ ನ್ಯುಮೋನಿಯಾನೂ ಆತ್ರಿ" ಎಂದು ಮನೆಯವರು ಹಣೆಬರಹಕ್ಕೆ ಹಾಕಿಬಿಡುತ್ತಾರೆ. ಎಷ್ಟೋ ಸಲ ಆ ಎರಡನೆಯ ಕಾಯಿಲೆ ಒಳಹೊಕ್ಕಿದ್ದು ಅದೇ ಚಮಚದ ಜೊತೆಗೆ.

ಅನ್ನ, ನೀರು, ಜೊಲ್ಲು, ವಾಂತಿ ಯಾವುದೇ ಇರಲಿ, ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಇಳಿದರೆ ವೈದ್ಯರು ಅದನ್ನು ಆಸ್ಪಿರೇಷನ್ ಎನ್ನುತ್ತಾರೆ. ಉಣ್ಣುವಾಗ ನೆತ್ತಿ ಹತ್ತಿ ಕೆಮ್ಮುವುದು ಎಲ್ಲರ ಅನುಭವ. ಗಟ್ಟಿಮುಟ್ಟಾದವರನ್ನು ಆ ಕೆಮ್ಮೇ ಕಾಯುತ್ತದೆ. ಹಾಸಿಗೆ ಹಿಡಿದವರಲ್ಲಿ ಕೆಮ್ಮು ಸೋತಿರುತ್ತದೆ, ಇಲ್ಲವೇ ಬರುವುದೇ ಇಲ್ಲ. ಇದನ್ನು ಗುರುತಿಸುವುದು ಹೇಗೆ, ಆದಾಗ ಏನು ಮಾಡಬೇಕು, ಆಗದಂತೆ ಹೇಗೆ ತಡೆಯಬೇಕು ಎಂಬುದು ವೈದ್ಯರಿಗಷ್ಟೇ ಬೇಕಾದ ವಿದ್ಯೆ ಎಂದು ತಿಳಿಯಬಾರದು. ನಮ್ಮಲ್ಲಿ ರೋಗಿಗೆ ಉಣಿಸುವವರು ಮನೆಯವರು. ಹಾಗಾಗಿ ಇದು ಮನೆಯವರಿಗೆ ಮೊದಲು ಗೊತ್ತಿರಬೇಕು.

ಗಂಟಲಿನ ಗೇಟು

ಮಲಪ್ರಭಾ ಕಾಲುವೆ ಕಂಡ ನರಗುಂದದ ರೈತರಿಗೆ ಗಂಟಲಿನ ಕೆಲಸ ತಿಳಿಸುವುದು ಸುಲಭ. ಕಾಲುವೆ ಎರಡಾಗಿ ಒಡೆಯುವಲ್ಲಿ ಗೇಟು ಇರುತ್ತದೆ. ಒಂದು ಕಡೆಗೆ ನೀರು ಬಿಡುವಾಗ ಇನ್ನೊಂದು ಕಡೆಯದನ್ನು ಇಳಿಸಬೇಕು, ಇಲ್ಲದಿದ್ದರೆ ನೀರು ಹೋಗಬಾರದ ಹೊಲಕ್ಕೆ ನುಗ್ಗುತ್ತದೆ. ಗಂಟಲಿನಲ್ಲಿ ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ತುತ್ತು ಗಂಟಲಿಗೆ ಬಂದ ಕ್ಷಣ ಧ್ವನಿಪೆಟ್ಟಿಗೆ ಮೇಲೆದ್ದು ಮುಂದಕ್ಕೆ ಸರಿಯುತ್ತದೆ, ಅದರ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಮಾರು ಒಂದು ಸೆಕೆಂಡು ಉಸಿರು ನಿಲ್ಲುತ್ತದೆ. ಅಷ್ಟರಲ್ಲಿ ತುತ್ತು ಹಿಂದಿನ ದಾರಿ ಹಿಡಿದಿರಬೇಕು. ಇದಕ್ಕಾಗಿ ಹತ್ತಾರು ಸ್ನಾಯುಗಳು, ಮಿದುಳಿನಿಂದ ಹೊರಟ ಐದು ಜೋಡಿ ನರಗಳು ತಾಳ ತಪ್ಪದೆ ಕೆಲಸ ಮಾಡಬೇಕು.

ಈ ತಾಳ ತಪ್ಪುವುದು ಯಾರಲ್ಲಿ? ಮೊದಲ ಸ್ಥಾನ ಲಕ್ವಾದವರದು. ಲಕ್ವಾ ಹೊಡೆದ ಮೊದಲ ದಿನಗಳಲ್ಲಿ ಸರಿಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗಲು ತೊಂದರೆ ಇರುತ್ತದೆ. ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ನುಂಗುವ ತೊಂದರೆ ಇದ್ದ ಲಕ್ವಾ ರೋಗಿಗಳಿಗೆ ನ್ಯುಮೋನಿಯಾ ಬರುವ ಅಪಾಯ 3 ಪಟ್ಟು, ಆಸ್ಪಿರೇಷನ್ ಆಗುತ್ತಿರುವುದು ಖಚಿತವಾದವರಿಗೆ 11 ಪಟ್ಟು ಹೆಚ್ಚು. ನಂತರ ತಲೆಗೆ ಪೆಟ್ಟು ಬಿದ್ದವರು, ಮೂರ್ಛೆ ಬಂದು ಇನ್ನೂ ಪೂರ್ತಿ ಎಚ್ಚರವಾಗದವರು, ವಿಪರೀತ ಕುಡಿದು ಬಿದ್ದವರು, ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆಯ ವೃದ್ಧರು, ಹಲವು ದಿನ ವೆಂಟಿಲೇಟರಿನಲ್ಲಿದ್ದು ಆಗಷ್ಟೇ ಗಂಟಲಿನ ನಳಿಕೆ ತೆಗೆಸಿಕೊಂಡವರು. ಕರುಳು ಕಟ್ಟಿ ಹೊಟ್ಟೆ ಉಬ್ಬಿ ವಾಂತಿ ಮಾಡುತ್ತಿರುವವರೂ ಇದೇ ಸಾಲಿನವರು.

ನಮ್ಮ ಎರೆಹೊಲದ ನಾಡಿನಲ್ಲಿ ಇನ್ನೆರಡು ಗುಂಪು ಸೇರಿಸಲೇಬೇಕು. ಒಂದು, ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ದೇಹ ಸೇರಿದವರು. ಇನ್ನೊಂದು, ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದವರು. ಈ ಹಾವುಗಳ ವಿಷ ನರಗಳ ಸಂದೇಶ ಸ್ನಾಯುಗಳಿಗೆ ಮುಟ್ಟದಂತೆ ತಡೆಯುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ನುಂಗುವ ಶಕ್ತಿ ಹೋಗುತ್ತದೆ, ಬಾಯಲ್ಲಿ ಜೊಲ್ಲು ನಿಲ್ಲುತ್ತದೆ. ಅಂಥವರಿಗೆ "ವಿಷ ಇಳೀಲಿ" ಎಂದು ಬೇರಿನ ಕಷಾಯ, ತುಪ್ಪ, ನೀರು ಏನು ಕುಡಿಸಿದರೂ ಅದು ನೇರ ಶ್ವಾಸಕೋಶದ ಹಾದಿ ಹಿಡಿಯಬಹುದು.

ಮೂರು ಬಗೆಯ ಹಾನಿ

ತಪ್ಪು ದಾರಿ ಹಿಡಿದ ವಸ್ತು ಯಾವುದು ಎಂಬುದರ ಮೇಲೆ ಹಾನಿಯ ಸ್ವರೂಪ ನಿಂತಿದೆ.

ಗಟ್ಟಿ ತುಣುಕು ಸಿಕ್ಕಿಕೊಂಡರೆ ದಾರಿಯೇ ಬಂದ್. ರೊಟ್ಟಿಯ ಚೂರು, ಶೇಂಗಾ ಬೀಜ, ಮಾತ್ರೆ, ಕಳಚಿ ಬಿದ್ದ ಹಲ್ಲು, ಯಾವುದೂ ಆಗಬಹುದು. ಶ್ವಾಸನಾಳದ ಬಲಗಡೆಯ ಕವಲು ಎಡಗಡೆಯದಕ್ಕಿಂತ ಅಗಲ, ಹೆಚ್ಚು ನೆಟ್ಟಗೂ ಇರುವುದರಿಂದ ಇಂಥವು ಸಾಮಾನ್ಯವಾಗಿ ಬಲ ಶ್ವಾಸಕೋಶಕ್ಕೆ ಜಾರುತ್ತವೆ. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗ ಬೆಳ್ಳಗೆ ಕಂಡರೆ ವೈದ್ಯರಿಗೆ ಅನುಮಾನ ಬರುವುದು ಇದಕ್ಕೇ. ಅಂಗಾತ ಮಲಗಿದ ರೋಗಿಯಲ್ಲಿ ಬೆನ್ನಿನ ಕಡೆಯ ಭಾಗಗಳಲ್ಲೂ ಕಲೆ ಕಾಣಿಸಬಹುದು.

ಎರಡನೆಯದು ಹೊಟ್ಟೆಯ ಆಮ್ಲ. ಜಠರ ಸಹಿಸುವ ಆ ಹುಳಿಯನ್ನು ಶ್ವಾಸಕೋಶದ ತೆಳು ಪೊರೆ ಸಹಿಸುವುದಿಲ್ಲ. ಅಲ್ಲಿ ಅದು ಸುಟ್ಟ ಗಾಯ ಮಾಡುತ್ತದೆ. ನ್ಯೂಯಾರ್ಕಿನ ಪ್ರಸೂತಿ ತಜ್ಞ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಇದನ್ನು ವಿವರವಾಗಿ ಬರೆದರು. 1932ರಿಂದ 1945ರವರೆಗೆ ತಮ್ಮ ಆಸ್ಪತ್ರೆಯಲ್ಲಿ ನಡೆದ 44,016 ಹೆರಿಗೆಗಳ ದಾಖಲೆ ತೆಗೆದು ನೋಡಿದಾಗ 66 ಬಾಣಂತಿಯರಿಗೆ ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿತ್ತು. ಗಟ್ಟಿ ಆಹಾರ ಸಿಕ್ಕಿಕೊಂಡು ಇಬ್ಬರು ಸತ್ತಿದ್ದರು. ಮೆಂಡೆಲ್ಸನ್ ಅಷ್ಟಕ್ಕೇ ನಿಲ್ಲದೆ ಮೊಲಗಳ ಮೇಲೆ ಪ್ರಯೋಗ ಮಾಡಿ, ಶ್ವಾಸಕೋಶವನ್ನು ಹೀಗೆ ಕೆಡಿಸುವುದು ಆಮ್ಲವೇ ಎಂದು ತೋರಿಸಿದರು. ಇಂದು ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು ಎಂದು ಪಟ್ಟು ಹಿಡಿಯುವುದರ ಹಿಂದೆ ಈ ಕೆಲಸದ ದೊಡ್ಡ ಪಾಲಿದೆ.

ಮೂರನೆಯದು ಬಾಯಿಯ ರೋಗಾಣುಗಳು. ನಮ್ಮ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಉತ್ಪತ್ತಿಯಾಗುತ್ತದೆ. ಆರೋಗ್ಯವಂತರಲ್ಲೂ ಅರ್ಧದಷ್ಟು ಜನರಿಗೆ ನಿದ್ದೆಯಲ್ಲಿ ಅದರ ಹನಿಗಳು ಶ್ವಾಸನಾಳಕ್ಕೆ ಇಳಿಯುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಕೆಮ್ಮು ಮತ್ತು ರೋಗನಿರೋಧಕ ಶಕ್ತಿ ಅದನ್ನು ತೊಳೆದು ಹಾಕುತ್ತವೆ. ವಾರಗಟ್ಟಲೆ ಹಲ್ಲುಜ್ಜದ, ಎಲೆಯಡಿಕೆ ತಂಬಾಕಿನ ಗಷ್ಟು ಕಟ್ಟಿದ ಬಾಯಿಯ ಜೊಲ್ಲು ಬಲಹೀನ ರೋಗಿಯ ಶ್ವಾಸಕೋಶ ಸೇರಿದರೆ ಅಲ್ಲಿ ರೋಗಾಣು ಬೇರೂರುತ್ತದೆ. ಬಾಯಿಂದ ಏನೂ ಉಣ್ಣದ, ಮೂಗಿನಿಂದ ಹೊಟ್ಟೆಗೆ ಉಣಿಸುವ ನಳಿಕೆ ಹಾಕಿರುವ ರೋಗಿಗೂ ನ್ಯುಮೋನಿಯಾ ಬರುವುದು ಹೀಗೆ.

ಗುರುತಿಸುವುದು ಹೇಗೆ

ಎಲ್ಲರ ಕಣ್ಣಿಗೂ ಬೀಳುವ ಲಕ್ಷಣ ಉಣಿಸುವಾಗ ಬರುವ ಕೆಮ್ಮು. ಅದರ ಜೊತೆಗೆ ನೋಡಬೇಕಾದವು ಇನ್ನೂ ಇವೆ. ಒಂದು ಗುಟುಕು ಕುಡಿದ ಮೇಲೆ ರೋಗಿಯನ್ನು ಮಾತಾಡಿಸಿ. ಧ್ವನಿ ಒದ್ದೆಯಾಗಿ, ಗಂಟಲಲ್ಲಿ ನೀರು ಗುಳುಗುಳು ಅಂದಂತೆ ಕೇಳಿದರೆ ಧ್ವನಿತಂತುಗಳ ಮೇಲೆ ನೀರು ನಿಂತಿದೆ ಎಂದು ಅರ್ಥ. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಸೋರುವುದು, ಸೊಟ್ಟಗಾದ ಕಡೆಯ ಗಲ್ಲದಲ್ಲಿ ಅನ್ನ ಉಳಿದುಕೊಳ್ಳುವುದು, ಒಂದು ತುತ್ತಿಗೆ ನಾಲ್ಕೈದು ಸಲ ನುಂಗುವುದು, ಕುಡಿದ ನೀರು ಮೂಗಿನಿಂದ ಬರುವುದು, ಉಣ್ಣುವಾಗ ಏದುಸಿರು ಬರುವುದು, ಕಣ್ಣಲ್ಲಿ ನೀರೂರುವುದು, ಇವೆಲ್ಲ ಎಚ್ಚರಿಕೆಗಳೇ.

ಎಲ್ಲಕ್ಕಿಂತ ಮೋಸ ಮಾಡುವುದು ಸದ್ದಿಲ್ಲದ ಆಸ್ಪಿರೇಷನ್. ಲಕ್ವಾ ಹೊಡೆದ ಎಷ್ಟೋ ಜನರಲ್ಲಿ ಗಂಟಲಿನ ಸ್ಪರ್ಶವೇ ಮಂದವಾಗಿ, ನೀರು ಒಳಗೆ ಇಳಿದರೂ ಕೆಮ್ಮು ಬರುವುದಿಲ್ಲ. "ಚೊಲೋ ಕುಡದ್ರು, ಕೆಮ್ಮಲೇ ಇಲ್ಲ" ಎಂದು ಮನೆಯವರು ಸಮಾಧಾನ ಪಡುತ್ತಿರುವಾಗ ಒಳಗೆ ಹಾನಿ ಆಗುತ್ತಿರುತ್ತದೆ. ಅಂಥಲ್ಲಿ ಕಣ್ಣು ಇಡಬೇಕಾದದ್ದು ಉಸಿರಿನ ಮೇಲೆ. ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಶಾಂತವಾಗಿರುವ ದೊಡ್ಡವರಲ್ಲಿ ಅದು 20 ದಾಟಿ ಏರುತ್ತ ಹೋದರೆ ಸಿಸ್ಟರ್‌ಗೆ ತಿಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಎಷ್ಟೋ ಮನೆ ಸೇರಿದೆ. ಮೊದಲು ಸರಿ ಇದ್ದ ಆಕ್ಸಿಜನ್ ಪ್ರಮಾಣ ಉಣಿಸಿದ ಮೇಲೆ 94ಕ್ಕಿಂತ ಕೆಳಗೆ ಇಳಿದರೆ ಅದು ಸುಮ್ಮನೆ ಬಿಡುವ ಸಂಗತಿಯಲ್ಲ. ವಯಸ್ಸಾದವರಲ್ಲಿ ಜ್ವರ, ಕೆಮ್ಮು ಎರಡೂ ಇಲ್ಲದೆ, ಇದ್ದಕ್ಕಿದ್ದಂತೆ ಮಂಕಾಗುವುದು, ತೊದಲುವುದು, ಗುರುತು ಹಿಡಿಯದಿರುವುದೇ ನ್ಯುಮೋನಿಯಾದ ಮೊದಲ ಸುಳಿವಾಗಿರಬಹುದು.

ಸಮಯವೂ ಒಂದು ಸುಳಿವು. ವಾಂತಿಯ ಆಮ್ಲ ಒಳಹೋಗಿದ್ದರೆ ಕೆಲವೇ ತಾಸಿನಲ್ಲಿ ಉಸಿರು ಕಟ್ಟುತ್ತದೆ, ಎದೆಯಲ್ಲಿ ಸುಯ್ ಸುಯ್ ಸದ್ದು ಕೇಳುತ್ತದೆ, ಜ್ವರವೂ ಬೇಗ ಬರುತ್ತದೆ. ರೋಗಾಣುಗಳ ನ್ಯುಮೋನಿಯಾ ಒಂದೆರಡು ದಿನ ತಗೊಂಡು ನಿಧಾನವಾಗಿ ತಲೆಯೆತ್ತುತ್ತದೆ. ಮೊದಲ ತಾಸುಗಳ ಎಕ್ಸ್‌ರೇ ಸರಿಯಾಗಿಯೇ ಇರಬಹುದು. ಆದ್ದರಿಂದ "ಫೋಟೋದಾಗ ಏನೂ ಇಲ್ಲ" ಎಂದು ಅನುಮಾನ ಕೈಬಿಡಬಾರದು, ರೋಗಿಯನ್ನು ಮತ್ತೆ ಮತ್ತೆ ನೋಡಬೇಕು.

ಆದಾಗ ಏನು ಮಾಡಬೇಕು

ಉಣಿಸುತ್ತಿರುವಾಗ ಕೆಮ್ಮು ಹತ್ತಿ ಉಸಿರು ಏರಿದರೆ ಮೊದಲ ಕೆಲಸ ಕೈಯಲ್ಲಿದ್ದದ್ದನ್ನು ಕೆಳಗಿಡುವುದು. ಕೆಮ್ಮು ನಿಲ್ಲಲಿ ಎಂದು ನೀರು ಕುಡಿಸಬಾರದು. ನೆತ್ತಿ ತಟ್ಟುವುದರಿಂದ ಉಪಯೋಗವಿಲ್ಲ. ಎಚ್ಚರ ಇರುವ ರೋಗಿಯನ್ನು ನೆಟ್ಟಗೆ ಕೂರಿಸಿ, ಮುಂದಕ್ಕೆ ಬಾಗಿಸಿ, ಜೋರಾಗಿ ಕೆಮ್ಮಲು ಹೇಳಿ. ವಾಂತಿ ಆಗುತ್ತಿದ್ದರೆ, ಎಚ್ಚರ ಕಡಿಮೆ ಇದ್ದರೆ, ತಕ್ಷಣ ಒಂದು ಮಗ್ಗುಲಿಗೆ ಹೊರಳಿಸಿ ಬಾಯಿ ಕೆಳಮುಖವಾಗುವಂತೆ ಮಾಡಿ. ಅಂಗಾತ ಮಲಗಿಸಿ ಬಾಯಿ ಒರೆಸುತ್ತ ಕೂರುವುದರಲ್ಲಿ ಹೊತ್ತು ಕಳೆಯಬೇಡಿ. ಕಾಣದ ಗಂಟಲಿಗೆ ಬೆರಳು ಹಾಕಿದರೆ ತುಣುಕು ಇನ್ನಷ್ಟು ಒಳಗೆ ಹೋಗಬಹುದು.

ಗಟ್ಟಿ ತುತ್ತು ಸಿಕ್ಕಿ ಮಾತೂ ಹೊರಡದೆ, ಕೆಮ್ಮೂ ಬಾರದೆ ಕೈಯಿಂದ ಗಂಟಲು ಹಿಡಿದುಕೊಂಡರೆ ಅದು ನಿಮಿಷಗಳ ಲೆಕ್ಕ. ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಹೊಡೆಯಬೇಕು. ಹೊರಬಾರದಿದ್ದರೆ ಹಿಂದೆ ನಿಂತು, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ಎರಡನ್ನೂ ಸರದಿಯಂತೆ ಮುಂದುವರಿಸಬೇಕು. ಬಸುರಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು. ವರ್ಷ ತುಂಬದ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ 5 ಪೆಟ್ಟು, ಆಮೇಲೆ ತಿರುಗಿಸಿ ಎದೆಯ ನಡುವೆ ಬೆರಳಿನಿಂದ 5 ಒತ್ತು. ಎಚ್ಚರ ತಪ್ಪಿ ಉಸಿರು ನಿಂತರೆ ಎದೆ ಒತ್ತುವ ಸಿಪಿಆರ್ ಶುರು ಮಾಡಬೇಕು.

ವಾರ್ಡಿನಲ್ಲಿ ಸಿಸ್ಟರ್ ಮತ್ತು ವೈದ್ಯರ ಕೆಲಸದ ಕ್ರಮ ಹೀಗೆ. ಬಾಯಿ, ಗಂಟಲಿನಲ್ಲಿ ಉಳಿದದ್ದನ್ನು ಸಕ್ಷನ್ ಯಂತ್ರದಿಂದ ಎಳೆದು ತೆಗೆಯುವುದು, ಆಕ್ಸಿಜನ್ ಕೊಡುವುದು, ಬಾಯಿಂದ ಕೊಡುವುದೆಲ್ಲವನ್ನೂ ನಿಲ್ಲಿಸುವುದು, ನಾಡಿ, ಉಸಿರು, ಆಕ್ಸಿಜನ್ ಪ್ರಮಾಣ, ಜ್ವರ ಬರೆದಿಡುವುದು. ಉಸಿರಾಟ ಸೋಲುತ್ತಿದ್ದರೆ, ಎಚ್ಚರ ಇಳಿಯುತ್ತಿದ್ದರೆ ಗಂಟಲಿಗೆ ನಳಿಕೆ ಹಾಕಿ ಉಸಿರಿನ ದಾರಿ ಕಾಪಾಡಬೇಕು. ಗಟ್ಟಿ ವಸ್ತು ಕೆಳಗೆ ಸಿಕ್ಕಿದ್ದರೆ ಶ್ವಾಸನಾಳದೊಳಗೆ ದುರ್ಬೀನು ಇಳಿಸಿ, ಅಂದರೆ ಬ್ರಾಂಕೋಸ್ಕೋಪಿ ಮಾಡಿ ತೆಗೆಯಬೇಕು. ಅದಕ್ಕೆ ಹುಬ್ಬಳ್ಳಿ, ಗದಗಿನಂಥ ದೊಡ್ಡ ಆಸ್ಪತ್ರೆಗೆ ಕಳಿಸುವುದು ಅನಿವಾರ್ಯ.

ಇಲ್ಲಿ ಮನೆಯವರಿಗೆ ಒಂದು ಮಾತು. "ದೊಡ್ಡ ಇಂಜೆಕ್ಷನ್ ಮಾಡ್ರಿ ಡಾಕ್ಟರೇ" ಎಂಬ ಒತ್ತಾಯ ಎಲ್ಲ ಸಲವೂ ರೋಗಿಯ ಒಳಿತಿಗೆ ಆಗುವುದಿಲ್ಲ. ಆಮ್ಲದಿಂದಾದ ಉರಿಯೂತಕ್ಕೆ ಆ್ಯಂಟಿಬಯೋಟಿಕ್ ತಕ್ಷಣ ಬೇಕಿಲ್ಲ. ಆಕ್ಸಿಜನ್ ಕೊಟ್ಟು ಒಂದೆರಡು ದಿನ ಕಾದು ನೋಡಿದರೆ ಎಷ್ಟೋ ಜನ ತಾವೇ ಚೇತರಿಸಿಕೊಳ್ಳುತ್ತಾರೆ. ಸ್ಟೀರಾಯ್ಡ್‌ನಿಂದ ಲಾಭವಿದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ರೋಗಾಣುಗಳ ನ್ಯುಮೋನಿಯಾ ಎಂಬ ಲಕ್ಷಣ ಕಂಡಾಗ ಆ್ಯಂಟಿಬಯೋಟಿಕ್ ತಡಮಾಡಬಾರದು. ಅಲ್ಲಿಯೂ ಸೂಕ್ತ ಔಷಧ ಸಾಮಾನ್ಯವಾಗಿ 5ರಿಂದ 7 ದಿನ ಸಾಕಾಗುತ್ತದೆ. ಯಾವುದು ಯಾವಾಗ ಎಂದು ನಿರ್ಧರಿಸುವುದು ವೈದ್ಯರಿಗೆ ಬಿಟ್ಟದ್ದು. ಅವರಿಗೆ ನಿಜ ಹೇಳುವುದು ನಮ್ಮ ಪಾಲಿನ ಕೆಲಸ: ಏನು ಉಣಿಸಿದೆವು, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು. ಬೈಯುತ್ತಾರೆಂದು ಮುಚ್ಚಿಡಬಾರದು.

ಒಂದು ಚಮಚ ನೀರಿನ ಪರೀಕ್ಷೆ

ಲಕ್ವಾ ರೋಗಿ ದಾಖಲಾದ ಕೂಡಲೇ ಬಾಯಿಗೆ ನೀರು, ಊಟ, ಮಾತ್ರೆ ಏನೇ ಹಾಕುವ ಮುಂಚೆ ನುಂಗುವ ಶಕ್ತಿಯನ್ನು ನೋಡಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಮಾತ್ರೆಗೂ ವಿನಾಯಿತಿ ಇಲ್ಲ. ಇದಕ್ಕೆ ತಜ್ಞರಿಗಾಗಿ ಕಾಯಬೇಕಿಲ್ಲ, ತರಬೇತಿ ಪಡೆದ ಸಿಸ್ಟರ್ ಮಂಚದ ಪಕ್ಕದಲ್ಲೇ ಮಾಡಬಹುದು. ರೋಗಿ ಎಚ್ಚರವಾಗಿರಬೇಕು, ನೆಟ್ಟಗೆ ಕೂರಬೇಕು, ಹೇಳಿದಾಗ ಕೆಮ್ಮಬೇಕು. ಬಾಯಿ ಸ್ವಚ್ಛ ಮಾಡಿ ಒಂದು ಚಮಚ ನೀರು ಕೊಟ್ಟು ಕಾಯಬೇಕು. ಕೆಮ್ಮಿಲ್ಲ, ಧ್ವನಿ ಒದ್ದೆಯಾಗಿಲ್ಲ, ಉಸಿರು ಏರಿಲ್ಲ ಎಂದರೆ ಇನ್ನೊಂದು, ಮತ್ತೊಂದು. ಆಮೇಲೆ ಲೋಟದಿಂದ ಸ್ವಲ್ಪ ಹೆಚ್ಚು. ಎಲ್ಲಿ ತೊಂದರೆ ಕಂಡಿತೋ ಅಲ್ಲಿಗೆ ನಿಲ್ಲಿಸಿ, "ಬಾಯಿಂದ ಏನೂ ಬೇಡ" ಎಂದು ಮಂಚಕ್ಕೆ ಚೀಟಿ ಕಟ್ಟಬೇಕು. ಮರುದಿನ ಮತ್ತೆ ನೋಡಬೇಕು. ಮೊದಲ ದಿನ ನುಂಗಲಾರದ ಎಷ್ಟೋ ಜನ ಒಂದೆರಡು ವಾರದಲ್ಲಿ ಮತ್ತೆ ನುಂಗುವಂತಾಗುತ್ತಾರೆ.

ಇಷ್ಟು ಸಣ್ಣ ಕೆಲಸದಿಂದ ಏನಾದೀತು ಎನ್ನುವವರು ಆಸ್ಟ್ರೇಲಿಯಾದ ಒಂದು ಅಧ್ಯಯನ ನೋಡಬೇಕು. ನ್ಯೂ ಸೌತ್ ವೇಲ್ಸ್‌ನ 19 ಲಕ್ವಾ ಘಟಕಗಳಲ್ಲಿ ನಡೆದ ಅದು 2011ರಲ್ಲಿ ಪ್ರಕಟವಾಯಿತು. ಕೆಲವು ಘಟಕಗಳ ದಾದಿಯರಿಗೆ ಮೂರು ಸಂಗತಿ ಬಿಗಿಯಾಗಿ ನೋಡಿಕೊಳ್ಳಲು ಕಲಿಸಲಾಯಿತು: ಜ್ವರ, ರಕ್ತದ ಸಕ್ಕರೆ, ನುಂಗುವಿಕೆ. ಹೊಸ ಔಷಧ, ಹೊಸ ಯಂತ್ರ ಯಾವುದೂ ಇರಲಿಲ್ಲ. 90 ದಿನಗಳ ನಂತರ ನೋಡಿದರೆ, ಸತ್ತವರು ಮತ್ತು ಇನ್ನೊಬ್ಬರ ಆಸರೆಯಲ್ಲೇ ಬದುಕಬೇಕಾದವರು ಅಲ್ಲಿ ಶೇ 42, ಉಳಿದ ಘಟಕಗಳಲ್ಲಿ ಶೇ 58. ದಾದಿಯರ ಕೈಯ ಶಿಸ್ತು ಜೀವ ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ತಲೆದಿಂಬು, ಬ್ರಶ್, ನಳಿಕೆ

ಸ್ಪೇನಿನ ಬಾರ್ಸಿಲೋನಾದಲ್ಲಿ ವೆಂಟಿಲೇಟರಿನಲ್ಲಿದ್ದ 86 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಅಂಗಾತ ಮಲಗಿಸಿ, ಇನ್ನೊಂದು ಗುಂಪಿನ ತಲೆಭಾಗ 45 ಡಿಗ್ರಿ ಎತ್ತರಿಸಿ ನೋಡಿದರು. 1999ರಲ್ಲಿ ಬಂದ ಫಲಿತಾಂಶದಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ನ್ಯುಮೋನಿಯಾ ಅಂಗಾತ ಮಲಗಿದವರಲ್ಲಿ ಶೇ 23, ತಲೆ ಎತ್ತರಿಸಿದವರಲ್ಲಿ ಶೇ 5. ಜಪಾನಿನ ವೃದ್ಧರ ಆರೈಕೆ ಮನೆಗಳಲ್ಲಿ ಎರಡು ವರ್ಷ ನಡೆದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಹಲ್ಲುಜ್ಜಿಸಿದವರಲ್ಲಿ ಶೇ 11 ಜನರಿಗೆ, ಹಾಗೆ ಮಾಡಿಸದವರಲ್ಲಿ ಶೇ 19 ಜನರಿಗೆ ನ್ಯುಮೋನಿಯಾ ಬಂತು. ಮಂಚದ ತಲೆಭಾಗ ಎತ್ತಲು, ಬಾಯಿ ಸ್ವಚ್ಛವಿಡಲು ಯಾವ ಬಡತನವೂ ಅಡ್ಡಿಯಾಗಬಾರದು. ಹಿಡಿಕೆ ತಿರುಗಿಸಿ ಎತ್ತುವ ಮಂಚ ಇಲ್ಲದಲ್ಲಿ ಗಾದಿಯ ಕೆಳಗೆ ಸುತ್ತಿದ ಚಾದರ, ದಿಂಬು ಇಟ್ಟು ಸೊಂಟದಿಂದ ಮೇಲೆ ಓರೆಯಾಗುವಂತೆ ಮಾಡಬಹುದು. ತಲೆಯ ಕೆಳಗಷ್ಟೇ ದಿಂಬು ಒತ್ತಿದರೆ ಕುತ್ತಿಗೆ ಮಡಚುತ್ತದೆ, ಅದರಿಂದ ಲಾಭವಿಲ್ಲ.

ಉಣಿಸುವವರು ನೆನಪಿಡಬೇಕಾದದ್ದು ಕೆಲವೇ. ಪೂರ್ತಿ ಎಚ್ಚರವಿಲ್ಲದವರಿಗೆ ಉಣಿಸಬೇಡಿ. ನೆಟ್ಟಗೆ ಕೂರಿಸಿ. ತಲೆ ಹಿಂದಕ್ಕೆ ಬಾಗಿಸಿ ಲೋಟದಿಂದ ಸುರಿಯಬೇಡಿ. ಸಣ್ಣ ಚಮಚ, ಅರ್ಧ ತುತ್ತು, ನುಂಗಿದ ಮೇಲೆಯೇ ಮುಂದಿನದು. ಲಕ್ವಾ ಹೊಡೆದ ಕಡೆಯನ್ನು ಬಿಟ್ಟು ಸರಿ ಇರುವ ಕಡೆಯಿಂದ ಕೊಡಿ, ಕೊನೆಗೆ ಗಲ್ಲದೊಳಗೆ ಅನ್ನ ಉಳಿದಿದೆಯೇ ನೋಡಿ. ನೀರು, ತಿಳಿಸಾರು, ಚಹಾ ಗಂಟಲಲ್ಲಿ ಬೇಗ ಜಾರುವುದರಿಂದ ಅವೇ ಹೆಚ್ಚು ಕಷ್ಟ. ಮೆತ್ತಗೆ ಬೇಯಿಸಿದ ನುಚ್ಚು, ಸಜ್ಜಕದಂಥ ಒಂದೇ ಹದದ ಆಹಾರ ಎಷ್ಟೋ ರೋಗಿಗಳಿಗೆ ಸುಲಭ. ಯಾರಿಗೆ ಯಾವ ಹದ ಎಂಬುದನ್ನು ಆಸ್ಪತ್ರೆಯವರನ್ನು ಕೇಳಿ ತಿಳಿಯಿರಿ. ಉಣಿಸುವಾಗ ಮಾತಾಡಿಸಬೇಡಿ. ಊಟವಾದ ಮೇಲೆ ಕನಿಷ್ಠ ಅರ್ಧ ತಾಸು ಕೂರಿಸಿಯೇ ಇರಿ. ನುಂಗುವ ತೊಂದರೆ ಮುಂದುವರಿದರೆ ವಾಕ್ ಮತ್ತು ಶ್ರವಣ ತಜ್ಞರನ್ನು ಕಾಣಿ. ಮಾತು ಕಲಿಸುವಂತೆ ನುಂಗುವುದನ್ನು ಮತ್ತೆ ಕಲಿಸುವುದೂ ಅವರ ವಿದ್ಯೆಯ ಭಾಗ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಇಂಥ ತಜ್ಞರನ್ನು ತಯಾರು ಮಾಡುತ್ತಿದೆ.

ಮೂಗಿನ ನಳಿಕೆ ಹಾಕಿದ ಮೇಲೆ ಎಲ್ಲ ನಿಶ್ಚಿಂತೆ ಎಂದು ಭಾವಿಸಬೇಡಿ. ಹೊಟ್ಟೆಗೆ ಹಾಕಿದ್ದು ಮೇಲಕ್ಕೆ ಉಕ್ಕಬಹುದು, ಜೊಲ್ಲು ಇಳಿಯುತ್ತಲೇ ಇರುತ್ತದೆ, ಕೆಮ್ಮಿದಾಗ ನಳಿಕೆಯೇ ಜರುಗಬಹುದು. ಹೊಸದಾಗಿ ಹಾಕಿದ ನಳಿಕೆ ಹೊಟ್ಟೆಯಲ್ಲಿದೆ ಎಂಬುದಕ್ಕೆ ಎಕ್ಸ್‌ರೇ ನಂಬಿಕೆಯ ಸಾಕ್ಷಿ. ಗಾಳಿ ಹಾಕಿ ಸದ್ದು ಕೇಳುವ ಹಳೆಯ ಪದ್ಧತಿ ಭರವಸೆಗೆ ತಕ್ಕದ್ದಲ್ಲ. ಮೂಗಿನ ಬಳಿ ನಳಿಕೆಗೆ ಗುರುತು ಹಾಕಿಸಿ, ಪ್ರತಿ ಸಲ ಗಂಜಿ ಹಾಕುವ ಮುಂಚೆ ಗುರುತು ಜರುಗಿದೆಯೇ ನೋಡಿ. ತಲೆ ಎತ್ತರಿಸಿ, ಸಿರಿಂಜನ್ನು ಒತ್ತದೆ ಮೇಲೆ ಹಿಡಿದು ತಾನಾಗಿ ಇಳಿಯಲು ಬಿಡಿ.

ಎಣ್ಣೆ ಕುಡಿದವರು, ಆಪರೇಷನ್ನಿಗೆ ಹೋಗುವವರು

ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರ ಬಾಯಿಗೆ ಬೇವಿನ ರಸ, ಹುಣಸೆಹುಳಿ, ಸಬಕಾರದ ನೀರು, ಉಪ್ಪುನೀರು ಸುರಿದು ವಾಂತಿ ಮಾಡಿಸುವ ರೂಢಿ ಇನ್ನೂ ಹೋಗಿಲ್ಲ. ಆ ವಿಷವೇ ಬಾಯಿ ಮತ್ತು ಶ್ವಾಸನಾಳದಲ್ಲಿ ನೊರೆ, ಜೊಲ್ಲು ಉಕ್ಕಿಸುತ್ತದೆ, ಸ್ನಾಯು ಸಡಿಲಿಸುತ್ತದೆ, ಎಚ್ಚರ ತಪ್ಪಿಸುತ್ತದೆ. ಅದರ ಮೇಲೆ ವಾಂತಿ ಮಾಡಿಸಿದರೆ ವಿಷ, ಅದು ಬೆರೆತ ದ್ರಾವಕ, ಆಮ್ಲ ಮೂರೂ ಶ್ವಾಸಕೋಶ ಸೇರುತ್ತವೆ. ಸೀಮೆಎಣ್ಣೆ ಕುಡಿದ ಮಕ್ಕಳಿಗೂ ವಾಂತಿ ಮಾಡಿಸಲೇಬಾರದು. ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ವಿಷದ ಡಬ್ಬಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ನರಗುಂದದಿಂದ ಹುಬ್ಬಳ್ಳಿಗೋ ಗದಗಿಗೋ ಒಂದು ತಾಸಿನ ಮೇಲಿನ ದಾರಿಯಲ್ಲಿ ರೋಗಿಯನ್ನು ಗಾಡಿಯಲ್ಲಿ ಅಂಗಾತ ಮಲಗಿಸಬೇಡಿ. ಆಸ್ಪತ್ರೆಯಲ್ಲೂ ಎಚ್ಚರ ತಪ್ಪಿದವರಿಗೆ ಶ್ವಾಸನಾಳಕ್ಕೆ ನಳಿಕೆ ಹಾಕಿ ದಾರಿ ಭದ್ರ ಮಾಡದೆ ಹೊಟ್ಟೆ ತೊಳೆಯಬಾರದು. ಬದುಕು ಬೇಸರವಾಗಿ ಸಾಯುವ ಯೋಚನೆ ಬರುತ್ತಿರುವ ಯಾರೇ ಇರಲಿ, ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಪರೇಷನ್ ನಿಗದಿಯಾದವರಿಗೆ ಲೆಕ್ಕ ಸ್ಪಷ್ಟ. ಕರಿದದ್ದು, ಮಾಂಸ, ಜಿಡ್ಡಿನ ಊಟ ಆಗಿ 8 ತಾಸು, ಹಗುರ ಊಟ ಅಥವಾ ಹಸುವಿನ ಹಾಲು ಆಗಿ 6 ತಾಸು, ಕೂಸಿಗೆ ತಾಯಿಹಾಲು ಆಗಿ 4 ತಾಸು, ಬರೀ ನೀರು ಆಗಿ 2 ತಾಸು ಕಳೆದಿರಬೇಕು. ಹಾಲು ಹಾಕಿದ ಚಹಾ, ಮಜ್ಜಿಗೆ ನೀರಿನ ಲೆಕ್ಕಕ್ಕೆ ಬರುವುದಿಲ್ಲ. "ಹಸದಾಳ ಪಾಪ" ಎಂದು ಸಿಸೇರಿಯನ್ನಿಗೆ ಮುಂಚೆ ಕದ್ದು ಕೊಟ್ಟ ಅರ್ಧ ಕಪ್ ಚಹಾ ಅವಳ ಜೀವಕ್ಕೆ ಎರವಾಗಬಹುದು. ಕೊಟ್ಟಿದ್ದರೆ ಅರಿವಳಿಕೆ ವೈದ್ಯರಿಗೆ ಹೇಳಿಬಿಡಿ, ಅವರು ಅದಕ್ಕೆ ತಕ್ಕಂತೆ ದಾರಿ ನೋಡುತ್ತಾರೆ.

ಕೊನೆಯ ದಿನಗಳಲ್ಲಿರುವ ಹಿರಿಯರ ಬಾಯಿಗೆ ನೀರು ಬಿಡುವುದು ನಮ್ಮ ನಂಬಿಕೆ. ಆ ಭಾವನೆಯನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ನೆನೆಸಿದರೆ ನಂಬಿಕೆಯೂ ನಡೆಯುತ್ತದೆ, ಉಸಿರಿಗೂ ಸಂಕಟವಾಗುವುದಿಲ್ಲ.

ನರಗುಂದ, ರೋಣ, ಗಜೇಂದ್ರಗಡದ ಆಸ್ಪತ್ರೆಗಳನ್ನು ನಡೆಸುವವರಲ್ಲಿ ನನ್ನ ಬಿನ್ನಹ ನಾಲ್ಕು. ಲಕ್ವಾ, ತಲೆಪೆಟ್ಟು, ವಿಷ, ಹಾವು ಕಚ್ಚಿದ ಪ್ರತಿ ರೋಗಿಗೆ ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಂದ ಏನೂ ಕೊಡಬಾರದೆಂಬ ನಿಯಮ ಮಾಡಿ, ಸಿಸ್ಟರ್‌ಗಳಿಗೆ ತರಬೇತಿ ಕೊಡಿಸಿ. ಪ್ರತಿ ವಾರ್ಡಿನಲ್ಲಿ ಕೆಲಸ ಮಾಡುವ ಸಕ್ಷನ್ ಯಂತ್ರ, ಕರೆಂಟ್ ಹೋದಾಗ ಕಾಲಿನಿಂದ ತುಳಿಯುವ ಇನ್ನೊಂದು ಇರಲಿ. ರೋಗಿಯ ಜೊತೆ ಬಂದವರಿಗೆ ಉಣಿಸುವ ಕ್ರಮವನ್ನು ದಾಖಲಾದ ದಿನವೇ ಅವರ ಮಾತಿನಲ್ಲೇ ಹೇಳಿಕೊಡಿ. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಮಂಚಗಳ ಎದುರಿನ ಗೋಡೆಗೆ ಹಚ್ಚಿ. ಓದುಗರಲ್ಲಿ ಕೇಳುವುದು ಒಂದೇ: ಇನ್ನು ಮುಂದೆ ದವಾಖಾನೆಗೆ ಹೋದಾಗ ಡಬ್ಬಿ ಬಿಚ್ಚುವ ಮುಂಚೆ ಸಿಸ್ಟರ್‌ನ್ನು ಕೇಳಿ, "ಇವರಿಗೆ ಬಾಯಿಂದ ಕೊಡಬಹುದೇನ್ರಿ?" ಬೇಡ ಎಂದರೆ ಡಬ್ಬಿ ಹಾಗೇ ಇರಲಿ.